ಶಾಲೆಗೆ ಹೋಗುವ ಇಂಜಿನಿಯರುಗಳಿಗೆ: ಮೂರು ತೂತಿನ ಬಾಟಲಿ ಒಯ್ಯಿರಿ

ನಾನು ನೀರಾವರಿ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವಳು. ಅದರಲ್ಲಿ ಬಹುಪಾಲು ಕಳೆದದ್ದು ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್ ಅಣೆಕಟ್ಟು) ಮಂಡ್ಯದ ಕಡೆಗೆ ನೀರು ಒಯ್ಯುವ ವಿಶ್ವೇಶ್ವರಯ್ಯ ನಾಲೆಯ ಮೇಲೆ. ನಿವೃತ್ತಿಯಾದ ಮೇಲೂ ಮಂಡ್ಯ ಬಿಟ್ಟಿಲ್ಲ. ನಮ್ಮ ಇಂಜಿನಿಯರುಗಳ ಸಂಘದ ಕಡೆಯಿಂದ ಮಕ್ಕಳಿಗೆ ನೀರು, ಕಟ್ಟೆಯ ಪಾಠ ಹೇಳಲು ಸರ್ಕಾರಿ ಹೈಸ್ಕೂಲುಗಳಿಗೆ ಹೋಗಿಬರುತ್ತೇನೆ. ಸಂಘಕ್ಕೆ ಹೊಸದಾಗಿ ಸೇರಿದವರು "ಮೇಡಂ, ನಾವೂ ಹೋಗ್ತೀವಿ, ಏನೇನು ಮಾಡಬೇಕು?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ದಿನದ ವಿಷಯ. ಸೆಪ್ಟೆಂಬರ್ 15 ಬೇಡ. ಅದು ವಿಶ್ವೇಶ್ವರಯ್ಯನವರು ಹುಟ್ಟಿದ ದಿನ, ಇಂಜಿನಿಯರುಗಳ ದಿನ. ಅವತ್ತು ಶಾಲೆಗೆ ಹೋದರೆ ವೇದಿಕೆ ಹಾಕಿರುತ್ತಾರೆ, ಶಾಲು ಹೊದಿಸುತ್ತಾರೆ, ಮಕ್ಕಳು ಸಾಲಾಗಿ ಕೂತು ಭಾಷಣ ಕೇಳಬೇಕು. ಜುಲೈ ಕೊನೆ ಅಥವಾ ಆಗಸ್ಟಿನಲ್ಲಿ ಹೋಗಿ. ನಾಲೆಗೆ ನೀರು ಬಿಡುವ ಕಾಲ ಅದು. ಮನೆಯಲ್ಲಿ, ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ "ಕಟ್ಟೆ ಎಷ್ಟಡಿ ಆಯ್ತು?" ಅನ್ನೋ ಮಾತೇ ಇರುತ್ತದೆ. ಆ ಮಾತು ಮಕ್ಕಳ ಕಿವಿಗೂ ಬಿದ್ದಿರುತ್ತದೆ. ನಮ್ಮ ಪಾಠ ಅಲ್ಲಿಂದಲೇ ಶುರುವಾಗಬೇಕು.

ಹದಿನೈದು ದಿನ ಮುಂಚೆ ಮುಖ್ಯ ಶಿಕ್ಷಕರನ್ನು ಹೋಗಿ ನೋಡಿ. ಫೋನಿನಲ್ಲಿ ಮುಗಿಸಬೇಡಿ. ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ, ಅದರ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ತಲುಪಿಸಿ. ಎಂಟನೇ ಅಥವಾ ಒಂಬತ್ತನೇ ಕ್ಲಾಸು ಕೇಳಿ. ಹತ್ತನೆಯವರಿಗೆ ಪರೀಕ್ಷೆಯದೇ ಚಿಂತೆ. ಎರಡು ಪೀರಿಯಡ್ ಒಟ್ಟಿಗೆ ಬೇಕು, ಬಿಸಿಯೂಟಕ್ಕೆ ಮುಂಚಿನದ್ದಾದರೆ ಒಳ್ಳೆಯದು. ವಿಜ್ಞಾನದ ಟೀಚರ್ ಜೊತೆ ಹತ್ತು ನಿಮಿಷ ಕೂತು ಪಾಠ ಎಲ್ಲಿವರೆಗೆ ಬಂದಿದೆ ಎಂದು ತಿಳಿದುಕೊಳ್ಳಿ. ನಾವು ಬಂದು ಹೋದ ಮೇಲೆ ಮಕ್ಕಳ ಜೊತೆ ಇರುವವರು ಅವರೇ ಅಲ್ವಾ?

ಮೂವರಿಗಿಂತ ಜಾಸ್ತಿ ಜನ ಹೋಗಬೇಡಿ. ಒಬ್ಬರು ಈಗಲೂ ಕೆಲಸದಲ್ಲಿರುವವರು. ಇನ್ನೊಬ್ಬರು ಇಂಜಿನಿಯರಿಂಗ್ ಕಾಲೇಜಿನ ಸ್ಟೂಡೆಂಟ್ಸ್ ಚಾಪ್ಟರ್‌ನ (ವಿದ್ಯಾರ್ಥಿ ಘಟಕದ) ಹುಡುಗನೋ ಹುಡುಗಿಯೋ ಇರಲಿ. ಹಳ್ಳಿ ಶಾಲೆಯಲ್ಲಿ, ಕನ್ನಡ ಮೀಡಿಯಮ್ಮಿನಲ್ಲಿ ಓದಿದವರನ್ನೇ ಹುಡುಕಿ. ನನ್ನಂಥವಳು ಒಂದು ಗಂಟೆ ಹೇಳುವುದನ್ನು ಅವರು "ನಾನೂ ಇಂಥ ಬೆಂಚಲ್ಲೇ ಕೂತಿದ್ದೆ" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಈಗ ಬಾಟಲಿ. ಎರಡು ಲೀಟರಿನ ಖಾಲಿ ತಂಪು ಪಾನೀಯದ ಬಾಟಲಿ ಸಾಕು. ಮೊಳೆ ಕಾಯಿಸಿ ಅಡಿಯಿಂದ 6, 12, 18 ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಅಳತೆಯ ಮೂರು ತೂತು ಮಾಡಿ. ಟೇಪು ಅಂಟಿಸಿ, 24 ಸೆಂಟಿಮೀಟರಿನ ತನಕ ನೀರು ತುಂಬಿ. ಟೇಪು ತೆಗೆಯುವ ಮೊದಲು ಮಕ್ಕಳನ್ನೇ ಕೇಳಿ: ಯಾವ ತೂತಿನ ನೀರು ಎಲ್ಲಕ್ಕಿಂತ ದೂರ ಬೀಳುತ್ತದೆ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾನು ಎಡವಿದ್ದು ಇಲ್ಲೇ. ಪಾಂಡವಪುರ ತಾಲ್ಲೂಕಿನ ಒಂದು ಶಾಲೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು, ಹಾಗಾಗಿ ಕೆಳಗಿನ ತೂತಿನ ನೀರೇ ದೂರ ಹೋಗುತ್ತದೆ ಎಂದು ಹೇಳಿ ಟೇಪು ತೆಗೆದೆ. ಬಾಟಲಿಯನ್ನು ಮೇಜಿನ ನಡುವೆ ಒಂದು ಟ್ರೇ ಒಳಗೆ ಇಟ್ಟಿದ್ದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು "ಮಿಸ್, ನಡುವಿನದ್ದೇ ದೂರ ಬೀಳ್ತಿದೆ" ಅಂದಳು. ನೋಡಿದರೆ ನಿಜ. ಮೇಲಿನದು, ಕೆಳಗಿನದು ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿದ್ದವು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ನೀನು ನೋಡಿದ್ದೇ ಸರಿ. ಯಾಕೆ ಹಾಗಾಯ್ತು ಅಂತ ಮುಂದಿನ ವಾರ ಬಂದು ಹೇಳ್ತೀನಿ" ಅಂದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಕೆಳಗಿನ ತೂತಿನಿಂದ ನೀರು ಜೋರಾಗಿಯೇ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಅದು ಟ್ರೇಗೆ ಹತ್ತಿರ ಇದೆ. ದೂರ ಹೋಗಲು ಸಮಯ ಸಿಗುವ ಮೊದಲೇ ಬಿದ್ದುಬಿಡುತ್ತದೆ. ಮೇಲಿನದಕ್ಕೆ ಸಮಯ ಇದೆ, ಜೋರಿಲ್ಲ. ಎರಡೂ ಸರಿಹೊಂದುವುದು ನಡುವಿನ ತೂತಿಗೆ. ಅದೇ ಬಾಟಲಿಯನ್ನು ಮೇಜಿನ ಅಂಚಿಗೆ ತಂದು, ನೀರು ನೆಲದ ಮೇಲೆ ಬೀಳುವ ಹಾಗೆ ಮಾಡಿದರೆ ಕೆಳಗಿನದೇ ಗೆಲ್ಲುತ್ತದೆ. ಮುಂದಿನ ವಾರ ಹೋಗಿ ಎರಡೂ ರೀತಿ ತೋರಿಸಿದೆವು. ಅಳೆದವಳು ಆ ಹುಡುಗಿಯೇ. ಆಮೇಲೆ ಇಡೀ ಕ್ಲಾಸು ಬಾಟಲಿಗೆ ಮುತ್ತಿಕೊಂಡಿತು.

ಅಂದಿನಿಂದ ನಾನು ಬೇಕಂತಲೇ ಮೊದಲು ಟ್ರೇ ಒಳಗೆ ಇಡುತ್ತೇನೆ. ಉತ್ತರ ಮೊದಲೇ ಹೇಳುವುದಿಲ್ಲ. ಪ್ರತಿ ಶಾಲೆಗೂ ಎರಡು ಸಲ ಹೋಗುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಹತ್ತು ಶಾಲೆಗೆ ಒಂದೊಂದು ಸಲ ಹೋಗುವ ಬದಲು ಐದು ಶಾಲೆಗೆ ಎರಡೆರಡು ಸಲ ಹೋಗಿ. ಸಂಘದ ವರದಿಯಲ್ಲಿ ಸಂಖ್ಯೆ ಕಮ್ಮಿ ಕಾಣುತ್ತದೆ, ಕಾಣಲಿ. ಕಮಿಟಿಯವರಿಗೆ ಇದನ್ನು ಬಿಡಿಸಿ ಹೇಳಿ.

ಬಾಟಲಿಯಿಂದ ಕನ್ನಂಬಾಡಿ ಕಟ್ಟೆಗೆ ಬನ್ನಿ. ಭರ್ತಿ ಮಟ್ಟ 124.80 ಅಡಿ, ಅಂದರೆ ಸುಮಾರು 38 ಮೀಟರ್. ನೀರು 10 ಮೀಟರ್ ಆಳ ಇದ್ದರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಭಾರ ಬೀಳುತ್ತದೆ. ಕಟ್ಟೆ ತುಂಬಿದಾಗ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ನಾಲ್ಕು ಕೆಜಿ ಹತ್ತಿರ! ಗೋಡೆ ಕೆಳಗೆ ಯಾಕೆ ದಪ್ಪ ಎಂದು ಆಗ ಮಕ್ಕಳೇ ಹೇಳುತ್ತಾರೆ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ. ಒಂದು ಪೊಟ್ಟಣದಲ್ಲಿ ಇಟ್ಟಿಗೆ ಪುಡಿ ಒಯ್ದು ಮುಟ್ಟಲು ಕೊಡಿ. ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಕಷ್ಟ.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಆ ಊರಿನ ಸೌಡಿಯನ್ನು ಕ್ಲಾಸಿಗೆ ಕರೆತನ್ನಿ. ತೂಬು ಎತ್ತುವುದು, ಇಳಿಸುವುದು, ಕಟ್ಟು ನೀರಿನ (ಸರದಿಯ ಮೇಲೆ ಬಿಡುವ ನೀರಿನ) ಲೆಕ್ಕದಲ್ಲಿ ಯಾವ ಕಾಲುವೆಗೆ ಎಷ್ಟು ದಿನ ಎಂದು ನೋಡಿಕೊಳ್ಳುವುದು ಅವರ ಕೆಲಸ. ಒಂದು ಶಾಲೆಗೆ ಬಂದ ಸೌಡಿಯ ಮಗ ಅದೇ ಕ್ಲಾಸಿನಲ್ಲಿದ್ದ. ಮೊದಲು ತಲೆ ತಗ್ಗಿಸಿ ಕೂತಿದ್ದ. ಅವರಪ್ಪ ಬೋರ್ಡಿನ ಮೇಲೆ ತೂಬಿನ ಚಿತ್ರ ಬರೆದು, ಗೇಟು ಎಷ್ಟು ತಿರುಗಿಸಿದರೆ ಎಷ್ಟು ನೀರು ಎಂದು ವಿವರಿಸುತ್ತಿದ್ದ ಹಾಗೆ ಅವನ ಕತ್ತು ಮೇಲೆ ಬಂತು. ಇದನ್ನು ನಾನು ಮರೆಯಲಾರೆ. ಆದರೆ ಮಕ್ಕಳನ್ನು ನಾಲೆ ಏರಿ ಮೇಲೆ ಕರೆದೊಯ್ಯಬೇಡಿ. ನೀರು ಹರಿಯುವಾಗ ಅದು ಬಲು ಅಪಾಯದ ಜಾಗ.

ಕೊನೆಯ ಹದಿನೈದು ನಿಮಿಷ ಮುಂದಿನ ಓದಿನ ಬಗ್ಗೆ ಮಾತಾಡಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷದ ಬಿಇ. ಇಲ್ಲವೇ ಪಿಯುಸಿ ಸೈನ್ಸ್ ಮಾಡಿ ಸಿಇಟಿ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇಕಡಾ 15, ಕನ್ನಡ ಮಾಧ್ಯಮದ ಕೋಟಾ ಶೇಕಡಾ 5 ಇದೆ. ಒಂದರಿಂದ ಹತ್ತರವರೆಗಿನ ಓದಿನ ಪ್ರಮಾಣಪತ್ರ ಅದಕ್ಕೆ ಬೇಕು. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದಿಲ್ಲ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿಸಿ.

ಹೊರಡುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬರೆಯದೆ ಒಂದು ಪ್ರಶ್ನೆ ಬರೆಯಲಿ. ಕೈ ಎತ್ತದ ಮಕ್ಕಳ ಪ್ರಶ್ನೆ ಬರುವುದು ಅದರಲ್ಲೇ. ಎರಡನೇ ಸಲ ಹೋದಾಗ ಅವಕ್ಕೆ ಉತ್ತರ ಕೊಡಿ. ಬಾಟಲಿ, ಟ್ರೇ, ಸ್ಕೇಲು ಟೀಚರ್ ಹತ್ತಿರ ಬಿಟ್ಟು ಬನ್ನಿ. ಮೊಳೆಯನ್ನು ಮಾತ್ರ ವಾಪಸ್ ತನ್ನಿ.