ಆನುವಂಶಿಕ ಇರುಳುಗುರುಡು: ಸಸ್ಯಜನ್ಯ ಔಷಧಕ್ಕೆ ಮುನ್ನ ಗಮನಿಸಬೇಕಾದದ್ದು

ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಯಾರಿಗಾದರೂ ಕತ್ತಲಾದ ಮೇಲೆ ತೋಟದ ದಾರಿ ಕಾಣದಂತಾಗಿ, ಕ್ರಮೇಣ ಪಕ್ಕದ ನೋಟವೂ ಕುಗ್ಗುತ್ತಿದ್ದರೆ, ಮೂಲಿಕೆಯನ್ನು ಹುಡುಕುವ ಮೊದಲು ಅಕ್ಷಿಪಟಲ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ತಜ್ಞರಿಗೆ ತೋರಿಸಿ. ಈ ಪದರದ ಕೋಶಗಳು ಕ್ರಮೇಣ ನಶಿಸುವ ಆನುವಂಶಿಕ ಕಾಯಿಲೆಯಾದ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಖಚಿತವಾದರೆ ವಂಶವಾಹಿ ಪರೀಕ್ಷೆಯನ್ನೂ ಮಾಡಿಸಿ. ಯಾವ ವಂಶವಾಹಿಯಲ್ಲಿ ದೋಷವಿದೆ ಎಂಬುದನ್ನು ಅವಲಂಬಿಸಿಯೇ ಮುಂದಿನ ದಾರಿ ತಿಳಿಯುತ್ತದೆ. ಆರ್‌ಪಿಇ65 ಎಂಬ ವಂಶವಾಹಿಯ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ವಂಶವಾಹಿ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು.

ಸಸ್ಯಜನ್ಯ ವಸ್ತುವಿನ ಸುದ್ದಿಯನ್ನು ಓದುವಾಗ ಪ್ರಯೋಗ ಯಾರ ಮೇಲೆ ನಡೆದಿದೆ ಎಂಬುದನ್ನು ನೋಡಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ, ರೊಡಾಪ್ಸಿನ್ ಎಂಬ ಕಣ್ಣಿನ ಪ್ರೋಟೀನಿನಲ್ಲಿ ದೋಷವಿರುವ ಇಲಿಗಳಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಗೆ ನೆರವಾದದ್ದುಂಟು. ಆದರೆ ಅದು ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುವುದರಿಂದ, ಸಾರಿಗೆ ಹಾಕುವ ಅರಿಶಿನವೇ ದೃಷ್ಟಿಯನ್ನು ಉಳಿಸುತ್ತದೆಂದು ನಂಬಬಾರದು. ಸಾಂದ್ರ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿರುವುದರಿಂದಲೂ, ರಕ್ತ ತೆಳುವಾಗಿಸುವ ಔಷಧದೊಡನೆ ಅವು ಅಪಾಯ ತರಬಹುದಾದ್ದರಿಂದಲೂ, ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಚೆಂಡುಹೂವಿನಿಂದ ತೆಗೆಯುವ ಲ್ಯೂಟೀನ್ ಎಂಬ ಹಳದಿ ಬಣ್ಣದ ವಸ್ತು ಮನುಷ್ಯರಲ್ಲಿಯೇ ಪರೀಕ್ಷೆಗೊಳಗಾಗಿದೆ. ಕಂಡ ಪ್ರಯೋಜನ ಅಲ್ಪ, ಕಳೆದುಹೋದ ನೋಟವನ್ನು ಅದು ಮರಳಿಸಿಲ್ಲ. ಅಕ್ಷಿಪಟಲದ ಇನ್ನೊಂದು ಆನುವಂಶಿಕ ಕಾಯಿಲೆಯಾದ ಸ್ಟಾರ್ಗಾರ್ಟ್ ಇರುವವರು ಎ ಜೀವಸತ್ವದ ಮಾತ್ರೆಗಳಿಂದ ದೂರವಿರಬೇಕು.

ನಂದಿಬಟ್ಟಲಿನ ರಸವನ್ನಾಗಲಿ, ಬೇರೆ ಯಾವ ಸೊಪ್ಪಿನ ರಸವನ್ನಾಗಲಿ ಕಣ್ಣಿಗೆ ಹಿಂಡಲೇಬೇಡಿ. ಸೋಂಕು ತಗುಲಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಹುಣ್ಣಾದರೆ, ಉಳಿದಿರುವ ಅಷ್ಟಿಷ್ಟು ದೃಷ್ಟಿಯೂ ಹೋಗಬಹುದು. ಒಂದೆಲಗದ ತಂಬುಳಿ ಊಟದಲ್ಲಿರಲಿ, ಅದಕ್ಕೆ ಅಡ್ಡಿಯಿಲ್ಲ. ಮನೆಯಲ್ಲಿ ಸೇವಿಸುತ್ತಿರುವ ಕಷಾಯ, ಪುಡಿ, ಮಾತ್ರೆಗಳನ್ನೆಲ್ಲ ಬರೆದು ತಜ್ಞರಿಗೆ ಕೊಡಿ. ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬವಾದರೆ ಒಡಹುಟ್ಟಿದವರ ಕಣ್ಣನ್ನೂ ಪರೀಕ್ಷೆ ಮಾಡಿಸಿ.