ವಿಎ ರೇಟಿಂಗ್ ಇಳಿಯದಂತೆ ನಾನು ದಾಖಲೆ ಬರೆಸಿಕೊಳ್ಳುವ ಬಗೆ

ಡಾಕ್ಟರು "ಹೇಗಿದ್ದೀರಿ?" ಎಂದರೆ "ಪರವಾಗಿಲ್ಲ, ಆರಾಮಾಗಿದ್ದೀನಿ" ಎನ್ನುವುದು ನಮ್ಮವರ ನಾಲಿಗೆಗೆ ಅಂಟಿದ ಮಾತು. ಅಮೆರಿಕದ ಮಾಜಿ ಸೈನಿಕರ ಇಲಾಖೆಯಾದ ವೆಟರನ್ಸ್ ಅಫೇರ್ಸ್ (ವಿಎ) ಆಸ್ಪತ್ರೆಯಲ್ಲಿ ಅದು ‘ಡೂಯಿಂಗ್ ವೆಲ್’ ಆಗಿ ಚಾರ್ಟ್ ಸೇರುತ್ತದೆ. ಸೈನ್ಯದ ಸೇವೆಯಿಂದಾದ ತೊಂದರೆ ಎಷ್ಟು ಎಂದು ವಿಎ ಶೇಕಡಾ ಲೆಕ್ಕದಲ್ಲಿ ಕೊಡುವುದೇ ರೇಟಿಂಗ್; ತಿಂಗಳ ಪರಿಹಾರದ ಹಣ ಅದರ ಮೇಲೆ ನಿಂತಿದೆ. ಮುಂದೆ ಆ ರೇಟಿಂಗಿನ ಮರುಪರೀಕ್ಷೆ ಬಂದಾಗ ‘ಸುಧಾರಣೆಯಾಗಿದೆ’ ಎನ್ನಲು ಆ ಒಂದು ಸಾಲೇ ಆಧಾರವಾಗಬಹುದು. ನನ್ನ ಬೆನ್ನಿಗೆ 40%, ಮೈಗ್ರೇನಿಗೆ 30% ಇದೆ. ಎರಡೂ ಉಳಿದು ಬಂದಿರುವುದು ಮಾಮೂಲಿ ಭೇಟಿಗಳಲ್ಲಿ ಸರಿಯಾಗಿ ಬರೆಸಿಕೊಂಡ ಸಾಲುಗಳಿಂದ.

ಮೊದಲು 20-10206 ಫಾರ್ಮ್ ಹಾಕಿ ಪೂರ್ತಿ ಸಿ-ಫೈಲ್ (ನನ್ನ ಪರಿಹಾರದ ಅರ್ಜಿಗಳ ಬಗ್ಗೆ ವಿಎ ಇಟ್ಟಿರುವ ಕಡತ) ತರಿಸಿಕೊಂಡೆ. ಅದರೊಳಗಿನ ಕೋಡ್ ಶೀಟಿನಲ್ಲಿ ಪ್ರತಿ ತೊಂದರೆಗೂ ಒಂದು ಡಯಾಗ್ನಾಸ್ಟಿಕ್ ಕೋಡ್ ಇರುತ್ತದೆ. ರೇಟಿಂಗ್ ಕೊಡುವವರು ಆ ಕೋಡಿನ ಅಳತೆಗಳನ್ನೇ ನೋಡುತ್ತಾರೆ. ಬೆನ್ನಿನ ಉಳುಕಿಗೆ 5237. ಮುಂದಕ್ಕೆ ಬಾಗುವುದು 30 ಡಿಗ್ರಿಗೇ ನಿಂತರೆ 40%, 30 ದಾಟಿ 60ರ ಒಳಗಿದ್ದರೆ 20%, 60 ದಾಟಿ 85ರ ಒಳಗಿದ್ದರೆ 10%. ‘ಬೆನ್ನುನೋವು, ಹತ್ತಕ್ಕೆ ಎಂಟು’ ಎಂದು ನೂರು ಸಲ ಬರೆಸಿದರೂ ಈ ಪಟ್ಟಿಯಲ್ಲಿ ಅದಕ್ಕೊಂದು ಮನೆಯಿಲ್ಲ. ಬೇಕಾದದ್ದು ಡಿಗ್ರಿ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಫಿಸಿಯೋಥೆರಪಿಯವರಿಂದ ಗೋನಿಯೋಮೀಟರ್ (ಬಾಗುವ ಕೋನ ಅಳೆಯುವ ಸಾಧನ) ಹಿಡಿದು ಅಳೆಸಿ, ನೋವು ಎಲ್ಲಿ ತಡೆಯಿತು, ಮೂರು ಸಲ ಬಾಗಿದ ಮೇಲೆ ಎಷ್ಟಕ್ಕೆ ಇಳಿಯಿತು ಎಂಬುದನ್ನು ಟಿಪ್ಪಣಿಯಲ್ಲಿ ಬರೆಸುತ್ತೇನೆ. ಕಣ್ಣಂದಾಜಿನ ಅಳತೆ ಬೇಡ.

ಡಾಕ್ಟರ ಮುಂದೆ ಮಾತಿನ ಕ್ರಮವನ್ನೂ ಗೊತ್ತು ಮಾಡಿಕೊಂಡಿದ್ದೇನೆ. ಹೋದ ಭೇಟಿಯಿಂದ ಈಚೆಗೆ ನೋವು ಕೆರಳಿದ್ದು ಎಷ್ಟು ಸಲ, ಪ್ರತಿ ಸಲ ಎಷ್ಟು ದಿನ, ಆ ದಿನಗಳಲ್ಲಿ ಏನು ಮಾಡಲಾಗಲಿಲ್ಲ (ಕಾಲುಚೀಲ ಹಾಕಿಕೊಳ್ಳುವುದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂತು ಕಾರು ಓಡಿಸುವುದು), ಯಾವ ಮಾತ್ರೆ, ಮಾತ್ರೆ ಬಿಟ್ಟರೆ ಏನಾಗುತ್ತದೆ. ಒಂದು ಚೀಟಿಯಲ್ಲಿ ಐದಾರು ಸಾಲು ಬರೆದು ಕೊಟ್ಟರೆ ಬಹಳಷ್ಟು ಡಾಕ್ಟರರು ಹಾಗೇ ಸೇರಿಸುತ್ತಾರೆ. ಚೆನ್ನಾಗಿರುವ ದಿನಗಳನ್ನೂ ಹೇಳಬೇಕು. ಒಂದು ಭೇಟಿಯಲ್ಲಿ ಬಾಗಲೇ ಆಗದು ಎಂದು, ಇನ್ನೊಂದರಲ್ಲಿ ವಾರಕ್ಕೆರಡು ದಿನ ಜಿಮ್ ಎಂದು ಇದ್ದರೆ ಎರಡನೆಯದನ್ನೇ ನಂಬುತ್ತಾರೆ. ಉತ್ಪ್ರೇಕ್ಷೆಯಷ್ಟು ಬೇಗ ಫೈಲನ್ನು ಕೆಡಿಸುವುದು ಬೇರೊಂದಿಲ್ಲ.

ಮೈಗ್ರೇನಿನ ಕೋಡ್ 8100. ಇಲ್ಲಿ ಎಲ್ಲವೂ ‘ಪ್ರಾಸ್ಟ್ರೇಟಿಂಗ್’ ಎಂಬ ಪದದ ಮೇಲೆ ನಿಂತಿದೆ, ಅಂದರೆ ಮಲಗಿಬಿಡುವಂಥ ತಲೆನೋವು. ಕಳೆದ ಹಲವು ತಿಂಗಳಲ್ಲಿ ಸರಾಸರಿ ತಿಂಗಳಿಗೊಮ್ಮೆ ಬಂದರೆ 30%, ಎರಡು ತಿಂಗಳಿಗೊಮ್ಮೆಯಾದರೆ 10%. ಬರೀ ‘ಮೈಗ್ರೇನ್ ಬಂತು’ ಎಂದರೆ ಸಾಲದು. ನನ್ನ ಡೈರಿಯಲ್ಲಿ ತಾರೀಖು, ಶುರುವಾದ ಹೊತ್ತು, ಕತ್ತಲೆ ಕೋಣೆಯಲ್ಲಿ ಮಲಗಿದ ಗಂಟೆ, ವಾಂತಿ, ತೆಗೆದುಕೊಂಡ ಔಷಧ, ತಪ್ಪಿದ ಕೆಲಸದ ಗಂಟೆ ಇರುತ್ತವೆ. ಡೈರಿ ಮನೆಯಲ್ಲೇ ಇದ್ದರೆ ಪ್ರಯೋಜನ ಕಡಿಮೆ. ಪ್ರತಿ ಭೇಟಿಗೆ ಒಯ್ದು ಚಾರ್ಟಿಗೆ ಸ್ಕ್ಯಾನ್ ಮಾಡಿಸುತ್ತೇನೆ. ಕಣ್ಣಾರೆ ಕಂಡ ಹೆಂಡತಿಯ ಹೇಳಿಕೆಗೆ 21-10210 ಫಾರ್ಮ್ ಇದೆ.

ಭೇಟಿ ಮುಗಿದ ವಾರದೊಳಗೆ ವಿಎ ಜಾಲತಾಣದಿಂದ ಟಿಪ್ಪಣಿ ಇಳಿಸಿ ಓದುತ್ತೇನೆ. ಹಳೆಯ ಟಿಪ್ಪಣಿಯನ್ನೇ ನಕಲು ಮಾಡಿ ಅಂಟಿಸಿರುವುದು, ಎಡಕ್ಕೆ ಬಲ ಎಂದಿರುವುದು, ಪರೀಕ್ಷೆಯನ್ನೇ ಮಾಡದೆ ‘ಚಲನೆ ಸಹಜ’ ಎಂದಿರುವುದು, ಇವು ಮಾಮೂಲಿ ತಪ್ಪುಗಳು. ಕಂಡ ಕೂಡಲೇ ಡಾಕ್ಟರಿಗೆ ವಿಎಯ ಆನ್‌ಲೈನ್ ಸುರಕ್ಷಿತ ಸಂದೇಶದಲ್ಲಿ ವಿನಯದಿಂದ ಬರೆಯುತ್ತೇನೆ. ಆಗದಿದ್ದರೆ ಆ ಆಸ್ಪತ್ರೆಯ ಪ್ರೈವೆಸಿ ಆಫೀಸರಿಗೆ ತಿದ್ದುಪಡಿ ಕೋರಿ ಲಿಖಿತ ಅರ್ಜಿ. ಹೊರಗಿನ ಡಾಕ್ಟರ ದಾಖಲೆಗಳನ್ನು ನಾನೇ ತಂದು ಸಲ್ಲಿಸುತ್ತೇನೆ. 21-4142 ಎಂಬ ಒಪ್ಪಿಗೆ ಫಾರ್ಮ್ ಕೊಟ್ಟರೆ ವಿಎಯವರೇ ತರಿಸುತ್ತಾರೆ, ಆದರೆ ಅರ್ಧಂಬರ್ಧ ಬಂದರೆ ನಮಗೆ ತಿಳಿಯುವುದು ತಡವಾಗಿ.

ಮರುಪರೀಕ್ಷೆಯ ದಿನ ಪರೀಕ್ಷಕರು ನೋವು ಕೆರಳಿದ ದಿನಗಳ ಬಗ್ಗೆ ಕೇಳದಿದ್ದರೆ ನಾನೇ ಎತ್ತುತ್ತೇನೆ. ‘ಆ ದಿನ ನಾನು ನೋಡಿಲ್ಲ, ಹೇಳಲಾಗದು’ ಎಂದು ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ, ರೋಗಿಯ ಮಾತು ಮತ್ತು ದಾಖಲೆಗಳಿಂದ ಅಂದಾಜು ಮಾಡಲು ಯತ್ನಿಸಬೇಕು ಎಂಬುದು ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯದ 2017ರ ಶಾರ್ಪ್ ವಿರುದ್ಧ ಶುಲ್ಕಿನ್ ತೀರ್ಪಿನ ತಿರುಳು. ಮನೆಗೆ ಬಂದೊಡನೆ ಪರೀಕ್ಷೆ ಎಷ್ಟು ನಿಮಿಷ ನಡೆಯಿತು, ಗೋನಿಯೋಮೀಟರ್ ಬಳಸಿದರೋ ಇಲ್ಲವೋ ಬರೆದಿಡುತ್ತೇನೆ. ಐದು ವರ್ಷ ದಾಟಿದ ರೇಟಿಂಗನ್ನು ಹಿಂದಿನದಕ್ಕಿಂತ ಅರೆಬರೆಯಾದ ಪರೀಕ್ಷೆಯ ಮೇಲೆ ಇಳಿಸಕೂಡದು ಎಂಬ ನಿಯಮವಿದೆ; ಆಗ ಈ ಬರಹ ಕೆಲಸಕ್ಕೆ ಬರುತ್ತದೆ. ಹತ್ತು ವರ್ಷವಾದರೆ, ತೊಂದರೆ ಸೈನ್ಯದ ಸೇವೆಯಿಂದ ಬಂದದ್ದು ಎಂದು ಒಪ್ಪಿದ ಸಂಬಂಧವನ್ನು ಕಡಿಯುವುದು ಕಷ್ಟ. ಇಪ್ಪತ್ತು ವರ್ಷ ಒಂದೇ ಮಟ್ಟದಲ್ಲಿದ್ದರೆ ವಂಚನೆ ಸಾಬೀತಾಗದೆ ಅದಕ್ಕಿಂತ ಕೆಳಗಿಳಿಸುವಂತಿಲ್ಲ.

ಪಾವತಿ ಕಡಿಮೆಯಾಗುವಂತಿದ್ದರೆ ಮೊದಲು ‘ಇಳಿಸಲು ಯೋಚಿಸಿದ್ದೇವೆ’ ಎಂಬ ಪತ್ರ ಬರುತ್ತದೆ. ಅದರ ತಾರೀಖಿನಿಂದ ಸಾಕ್ಷ್ಯ ಕೊಡಲು 60 ದಿನ, ವಿಚಾರಣೆ ಕೇಳಲು 30 ದಿನ. ಈ ಮೂವತ್ತೇ ಮುಖ್ಯ: ಅಷ್ಟರೊಳಗೆ ಕೇಳಿದರೆ ಅಂತಿಮ ತೀರ್ಮಾನದವರೆಗೆ ಹಣ ಹಳೆಯ ಮಟ್ಟದಲ್ಲೇ ಬರುತ್ತದೆ.

ರಜೆಗೆ ಬೆಂಗಳೂರು, ಮೈಸೂರಿನ ಕಡೆ ಹೋಗಿ ತಿಂಗಳುಗಟ್ಟಲೆ ಉಳಿಯುವವರಿಗೆ ಇನ್ನೊಂದು ಮಾತು. ಅಲ್ಲಿ ಬೆನ್ನಿಗೆ ಚಿಕಿತ್ಸೆ ಪಡೆದರೆ ಎರಡು ಔಷಧದ ಹೆಸರು ಗೀಚಿದ ಚೀಟಿಗೆ ಒಪ್ಪಿಕೊಳ್ಳಬೇಡಿ. ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ರೋಗದ ಹೆಸರು, ತಪಾಸಣೆಯಲ್ಲಿ ಕಂಡದ್ದು, ಸಹಿ, ಡಾಕ್ಟರ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಸೇವೆಯಿಂದಾದ ತೊಂದರೆಗೆ ವಿದೇಶದಲ್ಲಿ ಪಡೆದ ಚಿಕಿತ್ಸೆಯ ಖರ್ಚು ಕೊಡುವ ವಿಎಯ ಫಾರಿನ್ ಮೆಡಿಕಲ್ ಪ್ರೋಗ್ರಾಂನಲ್ಲಿ ಬಿಲ್ ಹಾಕಲೂ ಅದು ನೆರವಾಗುತ್ತದೆ. ಹೊರಡುವ ಮುಂಚೆ ಅಂಚೆ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ, ಬಂದ ಪತ್ರದ ಫೋಟೋ ಅದೇ ದಿನ ಕಳಿಸಲು ಹೇಳಿ. ಪರೀಕ್ಷೆಗೆ ಗೈರಾದರೂ ರೇಟಿಂಗ್ ಇಳಿಸುವ ಪತ್ರ ಹೊರಡುತ್ತದೆ, ಊರಿನಲ್ಲಿದ್ದೆ ಎಂಬುದು ಅವರಿಗೆ ತಾನಾಗಿ ತಿಳಿಯುವುದಿಲ್ಲ.