ತಂಗಿ ಮದುವೆ ವಿಡಿಯೋ ತಡವರಿಸುತ್ತಿದ್ದದ್ದು ಕೊನೆಗೂ ಸರಿಹೋಯ್ತು

ದಾವಣಗೆರೆಯ ನಮ್ಮ ಮನೆ ಟಿವಿಗೆ ಹಳೇ ಇಂಟೆಲ್ ನಾಲ್ಕನೇ ತಲೆಮಾರಿನ ಕಂಪ್ಯೂಟರ್ ಜೋಡಿಸಿ, ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ್ದೇನೆ. ತಂಗಿಯ ಮದುವೆಯ 1080ಪಿ ವಿಡಿಯೋ ಹಚ್ಚಿದರೆ ಧಾರೆ ಹೊತ್ತಿಗೆ ಧ್ವನಿ ಮುಂದೆ, ಚಿತ್ರ ಹಿಂದೆ. "ಯಾಕಪ್ಪಾ, ಹಿಂಗ್ ನಿಂತ್ ನಿಂತ್ ಬರ್ತೈತಿ?" ಅಂದರು ಅಪ್ಪ. ಅವರ ಮುಖ ನೋಡಿ ಬೇಜಾರಾಯಿತು.

ಮೊದಲು ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಉಪಯೋಗವಾಗಲಿಲ್ಲ. ಕಂಪ್ಯೂಟರಿನ ಮೇಲಿನ ಹೊರೆ ತೋರಿಸುವ ಎಚ್‌ಟಾಪ್ ತೆರೆದಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಏದುಸಿರು ಬಿಡುತ್ತಿದ್ದವು. ಅಂದರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಡಿಕೋಡಿಂಗ್ (ಕುಗ್ಗಿಸಿಟ್ಟ ವಿಡಿಯೋವನ್ನು ಬಿಡಿಸುವ) ಕೆಲಸ ಪ್ರೊಸೆಸರ್ ಮೇಲೆ ಬಿದ್ದಿತ್ತು. ಟರ್ಮಿನಲ್‌ನಲ್ಲಿ, ಚಿಪ್ ಯಾವ ವಿಡಿಯೋ ಬಿಡಿಸಬಲ್ಲದೆಂದು ತೋರಿಸುವ 'ವಿಎಇನ್ಫೋ' ಆದೇಶ ಕೊಟ್ಟರೆ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಶುರುವಾಗಲೇ ಇಲ್ಲ ಎಂಬ ದೋಷ. ನಾನು ಹಾಕಿದ್ದು ಹೊಸ 'ಐಎಚ್‌ಡಿ' ಡ್ರೈವರ್. ಅದು ಐದನೇ ತಲೆಮಾರಿನಿಂದ ಮೇಲಿನ ಚಿಪ್‌ಗಳಿಗೆ ಮಾತ್ರ. ನಮ್ಮದಕ್ಕೆ ಬೇಕಿದ್ದದ್ದು ಹಳೇ 'ಐ965'. ಅದನ್ನು ಹಾಕಿ, ಎಂಪಿವಿ ಪ್ಲೇಯರ್‌ನಲ್ಲಿ ಡಿಕೋಡಿಂಗ್ ಅನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ 'ಎಚ್‌ಡಬ್ಲ್ಯೂಡೆಕ್' ಆಯ್ಕೆಯನ್ನು 'ಆಟೋ' ಮಾಡಿದೆ. ವಿಡಿಯೋ ನೀರು ಹರಿದಂತೆ ಓಡಿತು!

ಫೋನಿನಲ್ಲಿ ತೆಗೆದ ಎಚ್.265 (ವಿಡಿಯೋ ಕುಗ್ಗಿಸುವ ಹೊಸ ಮಾದರಿ) ತುಣುಕುಗಳು ಮಾತ್ರ ಈಗಲೂ ತಡವರಿಸುತ್ತವೆ. ಆ ಮಾದರಿಯನ್ನು ಬಿಡಿಸುವ ಶಕ್ತಿ ಈ ಚಿಪ್‌ಗೇ ಇಲ್ಲ, ಯಾವ ಡ್ರೈವರ್ ಹಾಕಿದರೂ ಬರುವುದಿಲ್ಲ. ಅವನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಹಳೇ ಮಾದರಿಯಾದ ಎಚ್.264ಕ್ಕೆ ಬದಲಿಸಿಕೊಳ್ಳುತ್ತಿದ್ದೇನೆ. ಒಂದೊಂದಕ್ಕೂ ತುಂಬಾ ಹೊತ್ತು ಹಿಡಿಯುತ್ತೆ, ರಾತ್ರಿ ಹಚ್ಚಿಟ್ಟು ಮಲಗುತ್ತೇನೆ.